ಯಾವ ದೇಶದ ಪೋರ್ಚುಗೀಸ್?

ಕಲಘಟಗಿಯ ತಮ್ಮ-ತಂಗಿಯರೇ, ಗೋವಾದಲ್ಲಿ ದುಡಿಯಲು ಪೋರ್ಚುಗೀಸ್ ಬೇಕೆಂದುಕೊಳ್ಳಬೇಡಿ. ಪೋರ್ಚುಗೀಸರ ಆಡಳಿತ ಅಲ್ಲಿ 1961ರಲ್ಲೇ ಮುಗಿಯಿತು. ಅಲ್ಲಿ ನಿಮಗೆ ಕೊಂಕಣಿ ಬೇಕು.

ಪೋರ್ಚುಗಲ್ಲಿಗೋ ಬ್ರೆಜಿಲ್ಲಿಗೋ ಹೋಗುವ ಆಸೆಯಿದ್ದರೆ ಪೋರ್ಚುಗೀಸ್ ಅವಶ್ಯ ಕಲಿಯಿರಿ. ಆದರೆ ಮೊಬೈಲಿನಲ್ಲಿ ಮೊದಲು ಸಿಕ್ಕ ಪಾಠವನ್ನೇ ಹಿಡಿದು ಕೂರಬೇಡಿ, ಅದು ಬ್ರೆಜಿಲ್ಲಿನದಾಗಿರಬಹುದು. ಬ್ರೆಜಿಲ್ಲಿನವರು ಸ್ವರಗಳನ್ನು ಬಿಡಿಸಿ ನುಡಿಯುತ್ತಾರೆ. ಪೋರ್ಚುಗಲ್ಲಿನವರು ಅರ್ಧ ನುಂಗುತ್ತಾರೆ. ರೈಲಿಗೆ ಅವರು ‘ತ್ರೇಂ’ ಅಂದರೆ ಇವರು ‘ಕೊಂಬೊಯು’ ಅನ್ನುತ್ತಾರೆ. ನಮ್ಮ ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವಂಥ ಅಂತರವಿದು, ಯಾವುದೂ ಕೀಳಲ್ಲ.

ಹೋಗುವ ದೇಶವನ್ನು ಮೊದಲು ಗೊತ್ತುಮಾಡಿಕೊಳ್ಳಿ. ದಿನವೂ ಆ ದೇಶದ ರೇಡಿಯೊ ಕೇಳಿ. ಎರಡೂ ದೇಶಗಳ ಭಾಷಾ ಪರೀಕ್ಷೆ ಬೇರೆ ಬೇರೆ. ಶುಲ್ಕ ಕಟ್ಟುವ ಮುಂಚೆ ಯಾವುದು ಬೇಕೆಂದು ವಿಚಾರಿಸಿ. ಪೋರ್ಚುಗಲ್ಲಿನ ಭಾಷೆಯನ್ನು ಗುರುಮುಖೇನ ಕಲಿಯುವವರಿಗೆ ಪಣಜಿಯಲ್ಲೇ ಕಮೋಯಿಶ್ ಭಾಷಾ ಕೇಂದ್ರವಿದೆ.