ಮತ ಕೇಳಲು ಬಂದ ದಂಡಿನ ನಾಯಕ



ಚುನಾವಣೆ ಬಂದಾಗ ನಮ್ಮ ಹಳ್ಳಿಗಳಿಗೆ ಉಮೇದುವಾರರು ಬರುತ್ತಾರೆ. ಒಬ್ಬರು ವಕೀಲರು, ಇನ್ನೊಬ್ಬರು ದಂಡಿನಲ್ಲಿದ್ದು ಬಂದವರು, ಮತ್ತೊಬ್ಬರು ಎರಡೂ ಆದವರು. ಇಂಥವರಿಗೇ ಮತ ಹಾಕಿರಿ ಎನ್ನುವುದು ಗ್ರಾಮಸೇವಕನ ಕೆಲಸವಲ್ಲ. ಆದರೆ ಬಿತ್ತನೆಬೀಜವನ್ನು ಅಂಗೈಯಲ್ಲಿಟ್ಟು ನೋಡದೆ ಕೊಳ್ಳದ ನಾವು ಉಮೇದುವಾರನನ್ನು ಹೇಗೆ ಪರೀಕ್ಷಿಸಬೇಕು? ಅಮೆರಿಕದ ಒಬ್ಬ ರೈತನ ಮಗನ ಕಥೆ ಇದಕ್ಕೆ ಒಳ್ಳೆಯ ಪಾಠ.

ಅಬ್ರಹಾಂ ಲಿಂಕನ್ ೧೮೦೯ರಲ್ಲಿ ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದನು. ೧೮೩೨ರ ಮಾರ್ಚಿಯಲ್ಲಿ, ೨೩ನೆಯ ವಯಸ್ಸಿನಲ್ಲಿ, ಇಲಿನಾಯ್ ರಾಜ್ಯದ ಶಾಸನಸಭೆಗೆ ನಿಂತನು. ತಾನು ಮಾಡಬೇಕೆಂದಿರುವುದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು: ಸಾಂಗಮನ್ ನದಿಯನ್ನು ದೋಣಿ ಸಂಚಾರಕ್ಕೆ ಸರಿಪಡಿಸುವುದು, ವಿದ್ಯಾಭ್ಯಾಸ, ಮಿತಿಮೀರಿದ ಬಡ್ಡಿಗೆ ಕಡಿವಾಣ. ಆ ನದಿಯಲ್ಲಿ ದೋಣಿ ನಡೆಸಿ ನೀರಿನ ಏರಿಳಿತವನ್ನು ಆತನು ಕಣ್ಣಾರೆ ಕಂಡಿದ್ದನು.

ಅಷ್ಟರಲ್ಲಿ ಸಾಕ್ ಬುಡಕಟ್ಟಿನ ನಾಯಕ ಬ್ಲ್ಯಾಕ್ ಹಾಕನ ಮೇಲೆ ಯುದ್ಧ ಹೂಡಲಾಯಿತು. ತಮ್ಮ ಹಿಂದಿನ ನೆಲಕ್ಕೆ ಮರಳಿದ ಜನರನ್ನು ಹೊರದೂಡಿದ ಯುದ್ಧವದು. ಲಿಂಕನ್ನನೂ ದಂಡು ಸೇರಿದನು. ಜೊತೆಗಾರರೇ ಅವನನ್ನು ಕ್ಯಾಪ್ಟನ್ ಆಗಿ ಆರಿಸಿದರು. ಮೂರು ತಿಂಗಳಾದರೂ ಕಾಳಗ ಕಾಣಲಿಲ್ಲ. ಮುಂದೆ ಅದನ್ನು ನೆನೆದು, ತಾನು ಕಾದಾಡಿದ್ದು ಸೊಳ್ಳೆಗಳೊಡನೆ ಎಂದು ನಕ್ಕನೇ ಹೊರತು ವೀರನೆಂದು ಹೇಳಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಮತದಾನ. ೧೩ ಮಂದಿಯಲ್ಲಿ ನಾಲ್ವರು ಗೆಲ್ಲಬೇಕಿತ್ತು; ಲಿಂಕನ್ನನಿಗೆ ಎಂಟನೆಯ ಸ್ಥಾನ, ಸೋಲು. ಆದರೆ ದಿನವೂ ಅವನನ್ನು ನೋಡುತ್ತಿದ್ದ ನ್ಯೂ ಸೇಲಂ ಊರಿನ ಮತಗಟ್ಟೆಯಲ್ಲಿ ಸುಮಾರು ೩೦೦ರಲ್ಲಿ ೨೭೭ ಮತ ಅವನಿಗೇ ಬಿದ್ದವು. ನೆರೆಯವರ ಮಾತೇ ಮನುಷ್ಯನಿಗೆ ಸರಿಯಾದ ತಕ್ಕಡಿ.

೧೮೩೪ರಲ್ಲಿ ಮತ್ತೆ ನಿಂತನು. ಕೊಯ್ಲು ಬಲ್ಲವನಿಗೇ ನಮ್ಮ ಮತ ಎಂದ ರೈತರ ಮುಂದೆ ಉದ್ದ ಹಿಡಿಯ ಕುಡುಗೋಲು ಹಿಡಿದು ಹೊಲ ಕೊಯ್ದನೆಂದು ಹೇಳುತ್ತಾರೆ. ಗೆದ್ದನು. ದಂಡಿನಲ್ಲಿ ಜೊತೆಗಿದ್ದ ವಕೀಲ ಜಾನ್ ಸ್ಟುವರ್ಟ್ ಕೊಟ್ಟ ಪುಸ್ತಕಗಳನ್ನು ತಾನೇ ಓದಿ ೧೮೩೬ರಲ್ಲಿ ವಕೀಲಿ ಸನ್ನದು ಪಡೆದನು. ವಕೀಲನಾಗಿ ೧೮೩೮ ಮತ್ತು ೧೮೪೦ರಲ್ಲೂ ಗೆದ್ದನು.

ಈಗ ಪಾಠದ ಇನ್ನೊಂದು ಮಗ್ಗುಲು. ೧೮೩೭ರಲ್ಲಿ ಆ ಶಾಸನಸಭೆ ರೈಲುದಾರಿ, ಕಾಲುವೆಗಳಿಗೆಂದು ಒಂದೇ ಸಲಕ್ಕೆ ಭಾರಿ ಸಾಲ ಎತ್ತಲು ಒಪ್ಪಿತು. ಲಿಂಕನ್ನನೂ ಕೈ ಎತ್ತಿದನು. ಅದೇ ವರ್ಷ ಹಣದ ಮುಗ್ಗಟ್ಟು ಬಂತು. ಕೆಲಸಗಳು ಅರ್ಧಕ್ಕೆ ನಿಂತವು. ಸಾಲ ತೀರಲು ದಶಕಗಳು ಬೇಕಾದವು. ಮನುಷ್ಯ ಪ್ರಾಮಾಣಿಕನಾದರೆ ಸಾಲದು, ಲೆಕ್ಕವೂ ಸರಿಯಿರಬೇಕು. ಮಳೆ ನಂಬಿ ಸಾಲ ಮಾಡಿದ ರೈತನಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಇದೇ ಲಿಂಕನ್ನನು ಅಧ್ಯಕ್ಷನಾಗಿ ೧೮೬೨ರಲ್ಲಿ ಕೃಷಿ ಇಲಾಖೆಯನ್ನು ಸ್ಥಾಪಿಸುವ ಶಾಸನಕ್ಕೂ, ಕೃಷಿ ಕಾಲೇಜುಗಳಿಗೆ ಜಮೀನು ನೀಡುವ ಶಾಸನಕ್ಕೂ ಸಹಿ ಹಾಕಿದನು. ಅಂಥ ವಿದ್ಯಾಸಂಸ್ಥೆಗಳ ಮಾದರಿಯಲ್ಲೇ ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಆರಂಭವಾಯಿತು.

ಆ ಕಾಲದ ಇಲಿನಾಯಿಯಲ್ಲಿ ಬಿಳಿಯ ಗಂಡಸರಿಗೆ ಮಾತ್ರ ಮತವಿತ್ತು. ಅದನ್ನೂ ಎಲ್ಲರೆದುರು ಕೂಗಿ ಹೇಳಬೇಕಿತ್ತು. ನಮ್ಮಲ್ಲಿ ೧೮ ತುಂಬಿದ ಹೆಣ್ಣು ಗಂಡು ಎಲ್ಲರಿಗೂ ಮತವಿದೆ, ಅದು ಗುಟ್ಟಾಗಿದೆ. ಸಾಲ ಕೊಟ್ಟವರಿಗಾಗಲಿ, ಊರ ದೊಡ್ಡವರಿಗಾಗಲಿ ಅಂಜಬೇಕಾದ್ದಿಲ್ಲ.

ಸಂಜೆ ಅರಳಿಕಟ್ಟೆಯಲ್ಲಿ ಕೂತು ಈ ಪ್ರಶ್ನೆಗಳನ್ನು ಚರ್ಚಿಸಿರಿ. ಮನೆಯ ಹೆಣ್ಣುಮಕ್ಕಳನ್ನೂ ಕರೆಯಿರಿ:

೧. ಉಮೇದುವಾರನ ಸ್ವಂತ ಊರಿನವರು ಅವನ ವಿಷಯ ಏನನ್ನುತ್ತಾರೆ?
೨. ಅವನು ಹೇಳುವ ಕೆರೆ, ರಸ್ತೆಯನ್ನು ತಾನೇ ಬಂದು ನೋಡಿದ್ದಾನೆಯೇ?
೩. ಆ ಕೆಲಸಕ್ಕೆ ಹಣ ಎಲ್ಲಿಂದ, ಸಾಲವಾದರೆ ತೀರಿಸುವವರು ಯಾರು?
೪. ಸೋತರೂ ಊರಿನ ಕೆಲಸಕ್ಕೆ ಬರುವವನೇ?

ಉತ್ತರ ಸಿಕ್ಕ ಮೇಲೆ ನಿಮ್ಮ ಮತ ನಿಮ್ಮದು. ಯಾರಿಗೆ ಹಾಕಿದಿರೆಂದು ನನಗೂ ಹೇಳಬೇಡಿರಿ.