ಕಂತು ತಪ್ಪಿದ ತಿಂಗಳೇ ಬಾಯಿ ಬಿಡಿ

ಗೃಹಪ್ರವೇಶಕ್ಕೆ ಓಣಿಯವರನ್ನೆಲ್ಲ ಕರೆದು ಹೋಳಿಗೆ ಬಡಿಸುತ್ತೀರಿ. ಅದೇ ಮನೆಯ ಸಾಲದ ಕಂತು ತಪ್ಪಿತೆಂದರೆ ಗಂಡ ಹೆಂಡತಿಗೆ ಹೇಳುವುದಿಲ್ಲ, ಹೆಂಡತಿ ತವರಿಗೆ ಹೇಳುವುದಿಲ್ಲ. ಬ್ಯಾಂಕಿನ ರಿಜಿಸ್ಟರ್ ಲಕೋಟೆ ಬೀರುವಿನ ಮೇಲೆ, ಹಳೆಯ ಕ್ಯಾಲೆಂಡರಿನ ಅಡಿಯಲ್ಲಿ, ಒಡೆಯದೆ ಬಿದ್ದಿರುತ್ತದೆ. ಒಡೆಯದಿದ್ದರೆ ಸಾಲ ಕರಗುತ್ತದೆಯೇ? ಮರ್ಯಾದೆಗೆ ಅಂಜಿ ಮುಚ್ಚಿಡುತ್ತೀರಿ, ಸರಿ. ಬ್ಯಾಂಕು ಮನೆ ವಶಕ್ಕೆ ತೆಗೆದುಕೊಂಡರೆ ಆ ನೋಟಿಸನ್ನು ನಿಮ್ಮ ಬಾಗಿಲಿಗೇ ಅಂಟಿಸುತ್ತಾರೆ, ಎರಡು ಪತ್ರಿಕೆಗಳಲ್ಲೂ ಹಾಕಿಸುತ್ತಾರೆ. ಆಗ ಉಳಿಯುವ ಮರ್ಯಾದೆ ಯಾವುದು?

ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಮಾಡಿಕೊಳ್ಳಬೇಡಿ. ಮೊದಲ ಕಂತು ತಪ್ಪುತ್ತದೆ ಅನ್ನಿಸಿದ ತಿಂಗಳೇ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ. ಕೆಲಸ ಹೋಯಿತೋ, ಆಸ್ಪತ್ರೆ ಖರ್ಚು ಬಂತೋ, ಇದ್ದದ್ದನ್ನು ಅರ್ಜಿಯಲ್ಲಿ ಬರೆಯಿರಿ. ಅವಧಿ ಹೆಚ್ಚಿಸಿ ಕಂತು ಇಳಿಸಲು ಆಗುತ್ತದೆಯೇ ಎಂದು ಕೇಳಿ. ಒಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡೇ ಬನ್ನಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಆಡಿದ್ದು ನಾಳೆ ಯಾರಿಗೂ ನೆನಪಿರುವುದಿಲ್ಲ.

ಯಾಕಿಷ್ಟು ಅವಸರ ಅಂದರೆ, ಬಾಕಿ 90 ದಿನ ದಾಟಿದರೆ ನಿಮ್ಮ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ 60 ದಿನದ ನೋಟಿಸು ಬರಬಹುದು. ಬಂತೆಂದು ಕೈಚೆಲ್ಲಿ ಕೂರಬೇಡಿ. ಅದಕ್ಕೆ ಲಿಖಿತ ಆಕ್ಷೇಪಣೆ ಕೊಡಿ, ಒಪ್ಪದಿದ್ದರೆ ಕಾರಣ ತಿಳಿಸಿ 15 ದಿನದೊಳಗೆ ಬ್ಯಾಂಕು ಉತ್ತರ ಕೊಡಬೇಕು. ಮನೆ ವಶಕ್ಕೆ ತೆಗೆದುಕೊಂಡರೂ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ವಕೀಲರ ಫೀಸಿಗೆ ದುಡ್ಡೆಲ್ಲಿ ಅನ್ನುತ್ತೀರಾ? ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವಿದೆ. 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕೂ ಕೈಬಿಡುತ್ತದೆ.

ಇನ್ನು ನೀವು ಮಾಡಲೇಬಾರದ ಕೆಲಸ ಹೇಳುತ್ತೇನೆ. ಬ್ಯಾಂಕಿನ ಕಂತು ಕಟ್ಟಲು ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಡಿ. ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತಬೇಡಿ. ಸೋಮವಾರ ಒಂದು ಕಂತು, ಬುಧವಾರ ಇನ್ನೊಂದು, ಶುಕ್ರವಾರ ಮತ್ತೊಂದು ಅಂತ ಓಡಾಡುವ ಮನೆಗಳನ್ನು ನಮ್ಮ ಓಣಿಗಳಲ್ಲೇ ನೋಡುತ್ತೇವಲ್ಲ? ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೇ ಹೋಗುವಂತೆ ಮೈಕ್ರೋ ಫೈನಾನ್ಸ್ ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಕೊಡುವವರು ಲೆಕ್ಕ ಹಾಕದಿದ್ದರೆ ನೀವೇ ಹಾಕಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಬಾಕಿ ಇದೆಯೆಂದು ಯಾರ ಬೈಗುಳವನ್ನೂ ತಿನ್ನಬೇಕಿಲ್ಲ. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ರಾತ್ರಿ 7ರ ಮೇಲೆ ಫೋನು ಮಾಡುವಂತಿಲ್ಲ. ಬಾಗಿಲಲ್ಲಿ ನಿಂತು ಹೆದರಿಸುವವರ ವಿರುದ್ಧ 2025ರಲ್ಲಿ ಕರ್ನಾಟಕ ಸರ್ಕಾರ ತಂದ ಕಾನೂನಿದೆ, 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಒಬ್ಬರೇ ಠಾಣೆಗೆ ಹೋಗಲು ಅಂಜಿಕೆಯಾದರೆ ಸಂಘದ ನಾಲ್ವರನ್ನು ಕರೆದುಕೊಂಡು ಹೋಗಿ.

ಸಂಘ ಅಂದೆನಲ್ಲ, ನಿಮ್ಮ ಬೀದಿಯ ಸ್ವಸಹಾಯ ಸಂಘವನ್ನು ಹಗುರವಾಗಿ ಕಾಣಬೇಡಿ. ಹೆಂಗಸರ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ನಬಾರ್ಡ್ 1992ರಲ್ಲಿ ಶುರುಮಾಡಿತು. ನಮ್ಮ ರಾಜ್ಯದ ಸ್ತ್ರೀ ಶಕ್ತಿ ಯೋಜನೆ 2000-01ರಲ್ಲಿ ಬಂತು. ಹನಿ ಹನಿಗೂಡಿದರೆ ಹಳ್ಳ ಅನ್ನುವ ಮಾತು ನಿಜವಾಗುವುದು ಲೆಕ್ಕ ನೇರವಿದ್ದಾಗ ಮಾತ್ರ. ವಾರದ ಸಭೆ ತಪ್ಪಿಸಬೇಡಿ. ಉಳಿತಾಯದ ಹಣವನ್ನು ಎಲ್ಲರೆದುರು ಎಣಿಸಿ, ಪುಸ್ತಕದಲ್ಲಿ ಬರೆಸಿ, ಸಹಿ ನೋಡಿ. ಠರಾವು ಓದದೆ ಹೆಬ್ಬೆಟ್ಟು ಒತ್ತಬೇಡಿ. ಒಂದಿಷ್ಟು ಹಣವನ್ನು ಆಪತ್ತಿನ ಕಂತಿಗೆಂದೇ ತೆಗೆದಿಡಲು ಠರಾವು ಮಾಡಿ. ಯಾರದಾದರೂ ಮನೆಯ ಒಂದು ತಿಂಗಳ ಕಂತು ನಿಂತರೆ ಅದರಿಂದ ಕೈಗಡ ಕೊಟ್ಟು, ಗಡುವು ಹಾಕಿ ವಾಪಸು ಪಡೆಯಿರಿ. ಹಬ್ಬದ ಸೀರೆಗೆ ಅದನ್ನು ಮುಟ್ಟಬೇಡಿ. ಚೀಟಿ ಹಾಕುವುದಾದರೆ ನೋಂದಣಿಯಾದ ಚೀಟಿಯನ್ನೇ ಹಾಕಿ, ಪರಿಚಯದವರೆಂದು ನಂಬಿ ರಸೀದಿ ಬಿಡಬೇಡಿ.

ಅಕ್ಕಪಕ್ಕದವರಿಗೂ ಎರಡು ಮಾತು. ನೆರೆಮನೆಯವರ ಕಷ್ಟ ಕಿವಿಗೆ ಬಿದ್ದರೆ ನಲ್ಲಿಕಟ್ಟೆಯಲ್ಲಿ ಹಂಚಬೇಡಿ. ನೀವು ಆಡಿಕೊಳ್ಳುತ್ತೀರೆಂದೇ ಅವರು ಲಕೋಟೆ ಬಚ್ಚಿಡುವುದು. ದುಡ್ಡು ಕೊಡಲಾಗದಿದ್ದರೆ ಪತ್ರ ಓದಿ ಅರ್ಥ ಹೇಳಿ. ಅವರು ಬ್ಯಾಂಕಿಗೆ ಹೋದಾಗ ಶಾಲೆಯಿಂದ ಬಂದ ಮಕ್ಕಳಿಗೆ ಊಟ ಹಾಕಿ. ಗೊತ್ತಿರುವ ಕಡೆ ಕೆಲಸ ಕೊಡಿಸಿ. ಆದರೆ ದಾಕ್ಷಿಣ್ಯಕ್ಕೆ ಬಸಿರಾದರು ಅನ್ನುವಂತೆ ಜಾಮೀನಿಗೆ ಮಾತ್ರ ಸಹಿ ಹಾಕಬೇಡಿ. ಸಾಲಗಾರ ಕಟ್ಟದಿದ್ದರೆ ಜಾಮೀನುದಾರನೂ ಅಷ್ಟಕ್ಕೂ ಹೊಣೆ. ಅವರನ್ನು ಉಳಿಸಲು ಹೋಗಿ ನಿಮ್ಮ ಮನೆಯನ್ನೂ ಹೊಣೆಗೆ ಒಡ್ಡಬೇಡಿ.

ಸಾಲ ತೀರಿದ ದಿನ ಸಿಹಿ ಹಂಚಿ ಸುಮ್ಮನಾಗಬೇಡಿ. ಪೂರ್ತಿ ಕಟ್ಟಿದ 30 ದಿನದೊಳಗೆ ಬ್ಯಾಂಕು ಮನೆ ಪತ್ರಗಳನ್ನು ವಾಪಸು ಕೊಡಬೇಕು. ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕೇಳಿ ಪಡೆಯಿರಿ.

ಈಗ ಎದ್ದು ಬೀರುವಿನ ಮೇಲಿನ ಲಕೋಟೆಗಳನ್ನೆಲ್ಲ ಇಳಿಸಿ. ಒಡೆದು, ತಾರೀಖಿನ ಪ್ರಕಾರ ಜೋಡಿಸಿ, ಮನೆಯವರ ಮುಂದೆ ಓದಿ. ಅರ್ಥವಾಗದ್ದನ್ನು ಈ ವಾರದ ಸಂಘದ ಸಭೆಗೆ ತೆಗೆದುಕೊಂಡು ಹೋಗಿ. ಸಾಲ ಮಾಡಿದ್ದು ಪಾಪವಲ್ಲ. ಗಡುವು ಕಳೆಯುವವರೆಗೆ ಬಾಯಿ ಮುಚ್ಚಿಕೊಂಡು ಕೂರುವುದು ತಪ್ಪು, ಆ ತಪ್ಪು ಮಾಡಬೇಡಿ.