ಕೇಳಿ ಕಾಲಿಡು

ವನುವಾಟುಗೆ ಹೋಗುತ್ತೇನೆ ಅಂದೆಯಲ್ಲ ಮಗಳೇ, ಖಂಡಿತ ಹೋಗು. ಬೆನ್ನಿಗೊಂದು ಚೀಲ ಹಾಕಿಕೊಂಡು, ಗೆಳತಿಯನ್ನು ಜತೆಗೆ ಕರೆದುಕೊಂಡು, ಕೈಯಲ್ಲಿರುವಷ್ಟು ದುಡ್ಡಿನಲ್ಲೇ ಹೋಗು. ಅಪ್ಪ ಅಮ್ಮ ಗಾಬರಿಯಾದರೆ ಅವರ ಹತ್ತಿರ ನಾನು ಮಾತಾಡುತ್ತೇನೆ. ರೆಸಾರ್ಟಿನಲ್ಲಿ ಇಳಿದುಕೊಂಡವರಿಗೆ ಆ ದೇಶದ ಸಮುದ್ರ ಕಾಣುತ್ತದೆ, ಜನ ಕಾಣುವುದಿಲ್ಲ. ಹಳ್ಳಿಯವರೇ ನಡೆಸುವ ತಟ್ಟಿಮನೆಗಳಲ್ಲಿ ಉಳಿದರೆ ಎರಡೂ ಕಾಣುತ್ತವೆ. ಆದರೆ ಹೊರಡುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ: ಯಾರಿಗೂ ಸೇರದ ಜಾಗ ಅಂತ ಅಲ್ಲಿ ಒಂದಿಂಚೂ ಇಲ್ಲ.

ಫಿಜಿಯ ಪಶ್ಚಿಮಕ್ಕೆ ಚದುರಿಕೊಂಡಿರುವ ಎಂಬತ್ತಕ್ಕೂ ಹೆಚ್ಚು ದ್ವೀಪಗಳ ದೇಶ ಅದು. ಜನ ಸುಮಾರು 3 ಲಕ್ಷ, ಆಡುವ ಭಾಷೆಗಳು ನೂರಕ್ಕೂ ಮೇಲೆ. 1906ರಿಂದ ಬ್ರಿಟಿಷರೂ ಫ್ರೆಂಚರೂ ಸೇರಿಕೊಂಡು ಆಳಿದರು. ಇಬ್ಬರದೂ ಬೇರೆ ಬೇರೆ ಪೊಲೀಸು, ಬೇರೆ ಬೇರೆ ಶಾಲೆ. ಈ ಆಡಳಿತದ ಕೆಳಗೆ ಬಿಳಿಯರ ತೆಂಗಿನ ತೋಟಗಳು ಒಳ್ಳೊಳ್ಳೆಯ ನೆಲವನ್ನೆಲ್ಲ ನುಂಗುತ್ತಾ ಹೋದವು. ಸ್ವಾತಂತ್ರ್ಯದ ಕೂಗು ಎದ್ದದ್ದೇ ಆ ನೆಲಕ್ಕಾಗಿ. ವಾಲ್ಟರ್ ಲೀನಿ ಎಂಬ ಪಾದ್ರಿಯ ಮುಂದಾಳ್ತನದಲ್ಲಿ 1980ರ ಜುಲೈ 30ರಂದು ದೇಶ ಸ್ವತಂತ್ರವಾಯಿತು. ಗಣರಾಜ್ಯದ ನೆಲವೆಲ್ಲ ಅಲ್ಲಿನ ಮೂಲ ಒಡೆಯರದು ಮತ್ತು ಅವರ ಸಂತತಿಯದು ಎಂದು ಸಂವಿಧಾನದಲ್ಲೇ ಬರೆದರು. ಹೊರಗಿನವರು ಎಷ್ಟೇ ಹಣ ಸುರಿದರೂ ಗುತ್ತಿಗೆಗೆ ತೆಗೆದುಕೊಳ್ಳಬಹುದೇ ಹೊರತು ಕೊಂಡುಕೊಳ್ಳುವಂತಿಲ್ಲ. ಪ್ರಪಂಚದಲ್ಲಿ ಇಷ್ಟು ದಿಟ್ಟವಾಗಿ ಈ ಮಾತನ್ನು ಬರೆದುಕೊಂಡ ದೇಶಗಳು ತೀರಾ ಕಡಿಮೆ. ನನಗೆ ಆ ದೇಶದ ಮೇಲೆ ಗೌರವ ಹುಟ್ಟಿದ್ದು ಇದನ್ನು ಓದಿದಾಗಲೇ.

ಆದ್ದರಿಂದ ನಿನಗೆ ನಿರ್ಜನವಾಗಿ ಕಾಣುವ ಮರಳದಂಡೆಗೂ, ಕಾಡಿನೊಳಗಿನ ನೀಲಿ ನೀರಿನ ಮಡುವಿಗೂ, ಅದರ ದಾರಿಗೂ, ದಾರಿಯ ಬದಿಯ ಮಾವಿನ ಮರಕ್ಕೂ ಒಂದು ಮನೆತನ ಇದ್ದೇ ಇರುತ್ತದೆ. ಊರಿನ ಅಂಚಿಗೆ ಬಂದ ಕೂಡಲೇ ನಿಂತುಕೋ. ಕಂಡವರಿಗೆ ನಮಸ್ಕಾರ ಹೇಳಿ, ಮುಖ್ಯಸ್ಥರು ಎಲ್ಲಿದ್ದಾರೆ ಅಂತ ವಿಚಾರಿಸು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗಬೇಕು ಅಂತ ಹೇಳಿ, ಹೋಗಬಹುದಾ ಅಂತ ಕೇಳು. ಸಾಮಾನ್ಯವಾಗಿ ಹೂಂ ಅನ್ನುತ್ತಾರೆ, ಜತೆಗೊಬ್ಬ ಹುಡುಗನನ್ನೂ ಕಳಿಸುತ್ತಾರೆ. ಒಮ್ಮೊಮ್ಮೆ ಬೇಡ ಅನ್ನುತ್ತಾರೆ. ಯಾಕೆ ಅಂತ ಬಿಡಿಸಿ ಹೇಳಲಿಕ್ಕಿಲ್ಲ. ಸಾವಾಗಿರಬಹುದು, ಜಗಳವಿರಬಹುದು, ಹಿರಿಯರ ಸಮಾಧಿಯಿರಬಹುದು. ಕಾರಣ ಕೇಳದೆ ಹಿಂದಿರುಗು.

ಕಡಲ ದಂಡೆಯಲ್ಲೋ ಹವಳದ ದಿಬ್ಬದ ಹತ್ತಿರವೋ ಒಂದು ಕೋಲು ನೆಟ್ಟು, ಅದಕ್ಕೆ ಈಚಲಗರಿಯನ್ನು ಹೋಲುವ ಉದ್ದನೆಯ ಎಲೆ ಕಟ್ಟಿದ್ದು ಕಂಡರೆ ಅಲ್ಲಿಂದ ಮುಂದೆ ಇಳಿಯಬೇಡ. ಅದು ನಮೆಲೆ ಗರಿ. ನಡುದಂಟಿನ ಎರಡೂ ಬದಿಗೆ ಸಾಲಾಗಿ ಎಸಳು ಜೋಡಿಸಿದಂಥ ಗಟ್ಟಿ ಹಸಿರೆಲೆ. ಅವರ ಬಾವುಟದ ಮೇಲೂ ಹಂದಿಯ ಕೋರೆಹಲ್ಲಿನ ಬಳೆಯೊಳಗೆ ಇದೇ ಗರಿಗಳು ಅಡ್ಡಡ್ಡ ಕೂತಿವೆ. ಮೀನು ಚಿಪ್ಪು ಬೆಳೆಯಲಿ ಅಂತ ಮುಖ್ಯಸ್ಥರು ಆ ನೀರನ್ನು ಮುಚ್ಚಿದ್ದಾರೆ ಅಂತ ಲೆಕ್ಕ. ಕಾವಲುಗಾರ, ಬೇಲಿ, ಬೋರ್ಡು ಏನೂ ಇರುವುದಿಲ್ಲ. ಊರಿನವರೆಲ್ಲ ಆ ಒಂದು ಗರಿಗೆ ತಲೆಬಾಗುತ್ತಾರೆ.

ಸ್ನಾನಕ್ಕೆ, ಜಲಪಾತಕ್ಕೆ, ಗುಹೆಗೆ ಅಂತ ಹೋದಲ್ಲೆಲ್ಲ ಅಲ್ಲಿನ ಹಣದಲ್ಲಿ ಕೆಲವು ನೂರು ವಾತು ಕೇಳುತ್ತಾರೆ. ಪ್ರವಾಸಿಗಳು ಗೊಣಗುವುದು ಇಲ್ಲೇ: ಸಮುದ್ರಕ್ಕೂ ದುಡ್ಡಾ ಅಂತ. ಆ ಹಣ ಆ ಮನೆಯ ಮಕ್ಕಳ ಶಾಲೆ ಶುಲ್ಕಕ್ಕೆ ಹೋಗುತ್ತದೆ, ಸೋಲಾರ್ ದೀಪಕ್ಕೆ ಹೋಗುತ್ತದೆ. ನಗುತ್ತಾ ಕೊಡು. ಚೌಕಾಸಿ ಮಾಡಲೇಬೇಡ, ಅಲ್ಲಿ ಅದು ಅವಮಾನ. ರಾಜಧಾನಿ ಪೋರ್ಟ್ ವಿಲಾದ ಮಾರುಕಟ್ಟೆಯಲ್ಲಿ ತೆಂಗಿನಗರಿ ಬುಟ್ಟಿಗಳಲ್ಲಿ ಕೆಸುವಿನ ಗೆಡ್ಡೆ ತುಂಬಿಕೊಂಡು ಕೂತ ಹೆಂಗಸರು ದೂರದೂರದ ಊರುಗಳಿಂದ ಬಂದವರು. ತಂದ ಮಾಲು ಖರ್ಚಾಗುವವರೆಗೆ ರಾತ್ರಿಯೂ ಅಲ್ಲೇ ಮಲಗುತ್ತಾರೆ. ಹೇಳಿದ ಬೆಲೆ ಕೊಟ್ಟು, ನಿನ್ನದೇ ಬಟ್ಟೆಚೀಲಕ್ಕೆ ಹಾಕಿಸಿಕೋ. ಪ್ಲಾಸ್ಟಿಕ್ ಚೀಲವನ್ನೂ ಸ್ಟ್ರಾವನ್ನೂ ಅವರು 2018ರಲ್ಲೇ ನಿಷೇಧಿಸಿದ್ದಾರೆ.

ಪೆಂಟೆಕೋಸ್ಟ್ ದ್ವೀಪದ ನೆಗೆತ ನೋಡಬೇಕು ಅಂತ ನಿನಗೆ ಆಸೆ ಇರುತ್ತದೆ, ಇರಲಿ. ಮರ ಬಳ್ಳಿಗಳಿಂದ ಇಪ್ಪತ್ತು ಮೂವತ್ತು ಮೀಟರ್ ಎತ್ತರದ ಅಟ್ಟ ಕಟ್ಟಿ, ಹರಡುಗಳಿಗೆ ಬಳ್ಳಿ ಬಿಗಿದುಕೊಂಡು ಹುಡುಗರು ತಲೆಕೆಳಗಾಗಿ ಹಾರುತ್ತಾರೆ. ತಲೆಗೂದಲು ಸಡಿಲ ಮಾಡಿದ ಮಣ್ಣಿಗೆ ಸೋಕಬೇಕು. ಗೆಣಸಿನ ಬೆಳೆಗೆ ಸಂಬಂಧಪಟ್ಟ ಆಚರಣೆ ಅದು. ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ನಡೆಯುತ್ತದೆ, ಯಾಕೆಂದರೆ ಮಳೆಗಾಲ ಮುಗಿದ ಹೊಸತರಲ್ಲಿ ಮಾತ್ರ ಬಳ್ಳಿಗೆ ಬೇಕಾದಷ್ಟು ಹಸಿ, ಬೇಕಾದಷ್ಟು ಎಳೆತ ಇರುತ್ತದೆ. ಪ್ರತಿಯೊಬ್ಬನ ತೂಕಕ್ಕೂ ಎತ್ತರಕ್ಕೂ ತಕ್ಕ ಬಳ್ಳಿಯನ್ನು ಹಿರಿಯರು ಕಣ್ಣಳತೆಯಲ್ಲೇ ಆರಿಸುತ್ತಾರೆ. 1974ರಲ್ಲಿ ಎಲಿಜಬೆತ್ ರಾಣಿ ಬರುತ್ತಾಳೆ ಅಂತ ವಸಾಹತು ಅಧಿಕಾರಿಗಳು ಕಾಲವಲ್ಲದ ಕಾಲದಲ್ಲಿ, ಫೆಬ್ರವರಿಯಲ್ಲಿ, ಈ ನೆಗೆತ ಏರ್ಪಡಿಸಿದರು. ಬಳ್ಳಿ ಇನ್ನೂ ಹದಕ್ಕೆ ಬಂದಿರಲಿಲ್ಲ. ಹಾರಿದ ಒಬ್ಬನ ಎರಡೂ ಬಳ್ಳಿ ತುಂಡಾದವು, ಬೆನ್ನು ಮುರಿಯಿತು, ಅವನು ಉಳಿಯಲಿಲ್ಲ. ಅತಿಥಿಯ ವೇಳಾಪಟ್ಟಿಗೆ ಒಂದು ಜೀವ ಹೋಯಿತು. ನಿನ್ನ ರಜೆ ಜುಲೈಯಲ್ಲಿ ಸಿಕ್ಕಿದರೆ ನೆಗೆತ ಇಲ್ಲ, ಅಷ್ಟೆ. ದುಡ್ಡು ಕೊಡುತ್ತೇನೆ ಒಬ್ಬರಾದರೂ ಹಾರಲಿ ಅನ್ನುವವರ ಜತೆ ಸೇರಬೇಡ. ಅಟ್ಟ ಕಟ್ಟುವಾಗ ಹೆಂಗಸರು ಹತ್ತಿರ ಹೋಗುವಂತಿಲ್ಲ ಅನ್ನುವುದೂ ಗೊತ್ತಿರಲಿ.

ಹೆಣ್ಣಾದ್ದರಿಂದ ಇನ್ನೊಂದು ಕಡೆಯೂ ನಿನಗೆ ಬಾಗಿಲು ಮುಚ್ಚಿರುತ್ತದೆ. ಕಾವಾ ಅನ್ನುವ ಪೇಯ ಅಲ್ಲಿನ ಸಂಜೆಯ ಜೀವ. ಅದರ ಗಿಡ ನಮ್ಮ ಮಲೆನಾಡಿನ ಮೆಣಸಿನ ಬಳ್ಳಿಗೂ ವೀಳ್ಯದೆಲೆಗೂ ಹತ್ತಿರದ ನೆಂಟ, ಒಂದೇ ಕುಲದ್ದು. ಗಿಣ್ಣುಗಳು ಉಬ್ಬಿದ ಕಾಂಡ, ಹೃದಯದಾಕಾರದ ಎಲೆ ನೋಡಿದೊಡನೆ ನಿನಗೇ ಗುರುತು ಹತ್ತುತ್ತದೆ. ಇದರ ಬೇರನ್ನು ಜಜ್ಜಿ, ನೀರಲ್ಲಿ ಹಿಂಡಿ, ತೆಂಗಿನ ಚಿಪ್ಪಿನಲ್ಲಿ ಒಂದೇ ಗುಟುಕಿಗೆ ಕುಡಿಯುತ್ತಾರೆ. ಕೆಸರು ಬಣ್ಣ, ಮಣ್ಣಿನ ವಾಸನೆ, ನಾಲಗೆ ಜೋಮು ಹಿಡಿಯುತ್ತದೆ. ಕುಡಿದ ಮೇಲೆ ಗಲಾಟೆಯಿಲ್ಲ; ಎಲ್ಲರೂ ದನಿ ತಗ್ಗಿಸಿ ಕೂರುತ್ತಾರೆ. ಪೋರ್ಟ್ ವಿಲಾದ ಕಾವಾ ಅಂಗಡಿಗಳಿಗೆ ಹೆಂಗಸರೂ ಹೋಗುತ್ತಾರೆ. ಬೇಕಿದ್ದರೆ ಒಂದೇ ಚಿಪ್ಪು ರುಚಿ ನೋಡು. ಮೇಲೆ ಮದ್ಯ ಬೇಡವೇ ಬೇಡ, ಲಿವರಿನ ತೊಂದರೆಯೋ ನಿತ್ಯದ ಮಾತ್ರೆಯೋ ಇರುವವರು ಮುಟ್ಟಬಾರದು. ಟನ್ನಾ ದ್ವೀಪದಲ್ಲಿ ಮಾತ್ರ ಕಾವಾ ಕುಡಿಯಲು ಸೇರುವ ಆಲದ ಮರದಡಿಯ ನಕಮಾಲ್ ಬಯಲು ಸಂಜೆಯಾದರೆ ಗಂಡಸರದು. ಆ ಹೊತ್ತಿನಲ್ಲಿ ಹೆಂಗಸರು ಅತ್ತ ಸುಳಿಯುವುದಿಲ್ಲ, ಸುತ್ತುದಾರಿ ಹಿಡಿಯುತ್ತಾರೆ.

ಇದು ಸರಿಯಲ್ಲ ಅಂತ ನಿನಗೆ ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ, ಮುಚ್ಚಿಡುವುದಿಲ್ಲ. 2022ರ ಚುನಾವಣೆಯಲ್ಲಿ 52 ಸ್ಥಾನಗಳ ಅಲ್ಲಿನ ಸಂಸತ್ತಿಗೆ ಗೆದ್ದು ಬಂದ ಹೆಂಗಸು ಒಬ್ಬಳೇ. ಆದರೆ ಆ ಹೋರಾಟ ಆ ಹೆಂಗಸರದು, ಅವರು ಮಾಡುತ್ತಲೂ ಇದ್ದಾರೆ. ನಾಲ್ಕು ದಿನಕ್ಕೆ ಬಂದ ನೀನು ನಕಮಾಲಿಗೆ ನುಗ್ಗಿದರೆ ಬೈಗುಳ ತಿನ್ನುವುದು ನಿನಗೆ ಮನೆಯಲ್ಲಿ ಜಾಗ ಕೊಟ್ಟ ಹೆಂಗಸು. ಆ ಹೊತ್ತನ್ನು ಅವಳ ಅಡುಗೆಮನೆಯಲ್ಲಿ ಕಳೆ. ಟನ್ನಾದಲ್ಲಿ ನಾನು ಉಳಿದಿದ್ದ ಮನೆಯಲ್ಲಿ ಲಾಪ್‌ಲಾಪ್ ಎಂಬ ಅಡುಗೆ ಮಾಡುವುದನ್ನು ಹತ್ತಿರ ಕೂತು ನೋಡಿದ್ದೇನೆ. ಗೆಣಸನ್ನು ತುರಿದು ಅಂಟಂಟು ಹಿಟ್ಟು ಮಾಡಿದರು. ಬಾಡಿಸಿದ ಎಲೆಗಳನ್ನು ಒಂದರ ಮೇಲೊಂದು ಹಾಸಿ, ಹಿಟ್ಟು ಹರಡಿ, ಮೇಲೆ ಸೊಪ್ಪು ಇಟ್ಟು, ತೆಂಗಿನಹಾಲು ಸುರಿದು ಮಡಚಿದರು. ಕೆಂಪಗೆ ಕಾದ ಕಲ್ಲುಗಳನ್ನು ಸೀಳಿದ ಕೋಲಿನ ಇಕ್ಕಳದಿಂದ ಎತ್ತಿ ಕೆಳಗೂ ಮೇಲೂ ಪೇರಿಸಿದರು. ಬೇಯುವವರೆಗೂ ಮಾತೇ ಮಾತು: ಮಕ್ಕಳು, ಮದುವೆ, ಹಂದಿಯ ಬೆಲೆ, ಬಿರುಗಾಳಿಗೆ ಹಾರಿಹೋದ ಮಾಡು. ಮಾಂಸ ತಿನ್ನುವುದಿಲ್ಲ ಅನ್ನುವುದನ್ನು ಹೋದ ತಕ್ಷಣ ಹೇಳಿಬಿಡು. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಅವರಿಗೆ ನೋವಾಗುತ್ತದೆ. ಸೊಪ್ಪು, ಗೆಡ್ಡೆ, ಬಾಳೆಕಾಯಿಗೆ ಅಲ್ಲಿ ಬರವಿಲ್ಲ.

ಟನ್ನಾದ ಯಾಸುರ್ ಜ್ವಾಲಾಮುಖಿಯ ಎತ್ತರ 361 ಮೀಟರ್, ಅಷ್ಟೇ. ಜೀಪಿನಿಂದಿಳಿದು ಸ್ವಲ್ಪ ಹತ್ತಿದರೆ ಬಾಯಿಯ ಅಂಚು. ಕಾಲಡಿಯ ಬೂದಿ ಅದುರುತ್ತದೆ, ಒಳಗಿನಿಂದ ಕೆಂಡದ ಕಲ್ಲು ಚಿಮ್ಮುತ್ತದೆ. 1774ರಲ್ಲಿ ಕ್ಯಾಪ್ಟನ್ ಕುಕ್ ಇದರ ಬೆಳಕು ಕಂಡೇ ಟನ್ನಾದತ್ತ ಹಡಗು ತಿರುಗಿಸಿದ. ಬೆಟ್ಟಕ್ಕೆ ಹೋಗಲು ಮಾತ್ರ ಅಲ್ಲಿನವರು ಅವನನ್ನು ಬಿಡಲಿಲ್ಲ. ಸರ್ಕಾರದ ಹವಾಮಾನ ಮತ್ತು ಭೂಅಪಾಯ ಇಲಾಖೆ 0ಯಿಂದ 5ರವರೆಗೆ ಎಚ್ಚರಿಕೆಯ ಮಟ್ಟ ಪ್ರಕಟಿಸುತ್ತದೆ, ಮಟ್ಟ ಏರಿದರೆ ಅಂಚಿಗೆ ಪ್ರವೇಶವಿಲ್ಲ. ಅಷ್ಟು ದೂರ ಬಂದಿದ್ದೇವೆ ಅಂತ ಮಾರ್ಗದರ್ಶಿಯ ಕೈಗೆ ದುಡ್ಡು ತುರುಕಬೇಡ. ಒಂದು ಪಕ್ಷ ನೀನು ನಿಂತಿರುವಾಗಲೇ ಕಲ್ಲು ನಿನ್ನ ಕಡೆಗೆ ಹಾರಿದರೆ ಬೆನ್ನು ತಿರುಗಿಸಿ ಓಡಬಾರದು. ಕಲ್ಲನ್ನೇ ನೋಡುತ್ತಾ ಪಕ್ಕಕ್ಕೆ ಸರಿಯಬೇಕು.

ಅದೇ ದ್ವೀಪದಲ್ಲಿ ಜಾನ್ ಫ್ರಮ್ ಎಂಬಾತ ಮತ್ತೆ ಬರುತ್ತಾನೆ ಅಂತ ನಂಬಿದವರಿದ್ದಾರೆ. ಫೆಬ್ರವರಿ 15ರಂದು ಬಾವುಟ ಏರಿಸಿ ಕವಾಯತು ಮಾಡುತ್ತಾರೆ. ವಿಡಿಯೊ ಮಾಡಿ ನಗುವವರು ಬಹಳ. ಮಿಷನರಿಗಳು ಕುಣಿತ, ಕಾವಾ ಎಲ್ಲವನ್ನೂ ಪಾಪ ಅಂದಾಗ ತಮ್ಮ ನಡವಳಿಕೆ ಉಳಿಸಿಕೊಳ್ಳಲು ಎದ್ದ ಜನ ಅವರು. 1940ರ ದಶಕದ ಆರಂಭದಲ್ಲಿ ಅವರ ಮುಂದಾಳುಗಳು ಜೈಲಿಗೆ ಹೋದರು. ಆ ನಗುವಿಗೆ ನೀನು ದನಿಗೂಡಿಸಬಾರದು ಅನ್ನುವುದು ನನ್ನ ಬಲವಾದ ಕೋರಿಕೆ.

ಇನ್ನು ಚಿಕ್ಕಪುಟ್ಟವು. ಆಸ್ಟ್ರೇಲಿಯಾ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು, ಮೊದಲೇ ನೋಡಿಕೋ. ಫಿಜಿ ಮೂಲಕ ಹೋದರೆ ಅಲ್ಲಿ ಒಂದು ದಿನ ಇಳಿ. ಕಬ್ಬಿನ ಗದ್ದೆಗೆ 1879ರಿಂದ ಹಡಗು ತುಂಬಿ ಒಯ್ದ ಭಾರತೀಯರ ಮೊಮ್ಮಕ್ಕಳು ಅಲ್ಲಿದ್ದಾರೆ. 1903ರಿಂದ ಮದರಾಸಿನ ಮೂಲಕ ಹೋದ ದಕ್ಷಿಣದವರೂ ಇದ್ದಾರೆ. ವನುವಾಟುವಿನ ಗಂಡಸರನ್ನೂ ಆಗ ಆಮಿಷ ಒಡ್ಡಿಯೋ ಹಿಡಿದೋ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ತೋಟಗಳಿಗೆ ಸಾಗಿಸಿದರು. ಈ ಕಥೆ ಎರಡೂ ಕಡೆಯವರಿಗೆ ಗೊತ್ತಿದ್ದರೆ ಮಾತು ಬೇಗ ಬೆಸೆಯುತ್ತದೆ. ಉತ್ತರದ ದ್ವೀಪಗಳಲ್ಲಿ ಮಲೇರಿಯಾ ಇದೆ, ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಂಡು ಹೋಗು. ಚಿಲ್ಲರೆ ನೋಟು ರಾಜಧಾನಿಯಲ್ಲೇ ಮಾಡಿಸಿಕೋ. ಹಳ್ಳಿಯಲ್ಲಿ ಮೊಣಕಾಲು ಮುಚ್ಚುವ ಬಟ್ಟೆ, ಭಾನುವಾರ ಚರ್ಚಿನ ಹೊತ್ತಿಗೆ ಗದ್ದಲವಿಲ್ಲ, ರಾತ್ರಿ ಒಬ್ಬಳೇ ತಿರುಗಾಟವಿಲ್ಲ. ದ್ವೀಪದಿಂದ ದ್ವೀಪಕ್ಕೆ ಹೋಗುವ ಪುಟ್ಟ ವಿಮಾನಕ್ಕೆ ಚೀಲದ ಜತೆ ನಿನ್ನನ್ನೂ ತೂಗುತ್ತಾರೆ. ಮೋಡ ಕವಿದರೆ ಅದು ಬರುವುದಿಲ್ಲ. 2024ರ ಮೇಯಲ್ಲಿ ದೇಶದ ವಿಮಾನ ಕಂಪನಿಯೇ ದಿವಾಳಿ ಪ್ರಕ್ರಿಯೆಗೆ ಹೋಗಿ ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಕೊಂಡರು. ವಾಪಸು ಬರುವ ಮುಂಚಿನ ಮೂರ್ನಾಲ್ಕು ದಿನ ಪೋರ್ಟ್ ವಿಲಾದಲ್ಲೇ ಇರುವಂತೆ ಲೆಕ್ಕ ಹಾಕು.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಆಗ ಹೋಗಬೇಡ. 2015ರ ಮಾರ್ಚಿನಲ್ಲಿ ಪಾಮ್, 2020ರ ಏಪ್ರಿಲ್‌ನಲ್ಲಿ ಹೆರಾಲ್ಡ್, 2023ರ ಮಾರ್ಚಿನಲ್ಲಿ ಒಂದೇ ವಾರದಲ್ಲಿ ಜೂಡಿ ಮತ್ತು ಕೆವಿನ್. 2024ರ ಡಿಸೆಂಬರ್ 17ರಂದು 7.3 ತೀವ್ರತೆಯ ಭೂಕಂಪಕ್ಕೆ ಪೋರ್ಟ್ ವಿಲಾದ ಕಟ್ಟಡಗಳು ಕುಸಿದವು. ಅಷ್ಟಾದರೂ ಗೆಡ್ಡೆ ನೆಟ್ಟು, ಮಾಡು ಹೊದಿಸಿ, ಬಂದವರಿಗೆ ಎಳನೀರು ಕೊಡುತ್ತಾರೆ. ಅವರನ್ನು ಪಾಪ ಅಂತ ನೋಡಬೇಡ. ಪೋರ್ಟ್ ವಿಲಾದ ಕ್ಯಾಂಪಸ್ಸಿನಲ್ಲಿ ಕಾನೂನು ಓದುತ್ತಿದ್ದ ನಿನ್ನ ವಯಸ್ಸಿನ ವಿದ್ಯಾರ್ಥಿಗಳು 2019ರಲ್ಲಿ ಹವಾಮಾನದ ಹೊಣೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದಿಡಬೇಕು ಅಂತ ಹೊರಟರು. ಅವರ ಸರ್ಕಾರ ಅದನ್ನು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು ಅಭಿಪ್ರಾಯ ಕೊಟ್ಟಿತು. ಆ ವಿಚಾರಣೆಯಲ್ಲಿ ನಮ್ಮ ದೇಶವೂ ವಾದ ಮಂಡಿಸಿತ್ತು: ಹೆಚ್ಚಿನ ಹೊಣೆ ಮುಂದುವರಿದ ದೇಶಗಳದು, ಈಗಿರುವ ಒಪ್ಪಂದಗಳ ಆಚೆಗೆ ಹೊಸ ಕಟ್ಟುಪಾಡು ಬೇಡ ಅಂತ. ಅಲ್ಲಿನ ಹುಡುಗ ಹುಡುಗಿಯರು ಈ ಬಗ್ಗೆ ನಿನ್ನನ್ನು ಕೇಳಬಹುದು. ಅವರ ವಾದ, ನಮ್ಮ ವಾದ, ಎರಡನ್ನೂ ಓದಿಕೊಂಡು ಹೋಗು. ಬೆಂಗಳೂರು ಬಿಟ್ಟ ಮೇಲೆ ವಿಮಾನದಲ್ಲಿ ಬೇಕಾದಷ್ಟು ಹೊತ್ತಿರುತ್ತದೆ.